ಅಣುವಿಗೆ ಹಲವು ಹಾದಿಗಳು: ಸಾವಯವ ಸಂಶ್ಲೇಷಣೆಯನ್ನು ಕುರಿತ ವಿಚಾರ



ಸಾವಯವ ಸಂಶ್ಲೇಷಣೆಯ ಕಥೆಯನ್ನು ಹೇಳಹೊರಟವರು 1828ನೆಯ ಇಸವಿಯಿಂದ ಪ್ರಾರಂಭಿಸುವುದು ವಾಡಿಕೆ. ಆ ವರ್ಷ ಬರ್ಲಿನ್ನಿನಲ್ಲಿ ಫ್ರೀಡ್ರಿಕ್ ವೋಲರನು ಅಮೋನಿಯಂ ಸಯನೇಟೆಂಬ ಲವಣವನ್ನು ಪಡೆಯಲೆಳಸಿ, ಅದಕ್ಕೆ ಬದಲಾಗಿ, ಅದುವರೆಗೆ ಪ್ರಾಣಿಗಳ ಮೂತ್ರದಿಂದ ದೊರೆಯುತ್ತಿದ್ದ ಯೂರಿಯಾದ ಹರಳುಗಳನ್ನು ಪಡೆದನು. ಜೀವಿಗಳ ಒಡಲಿನಲ್ಲಿರುವ ಯಾವುದೋ ಒಂದು ಪ್ರಾಣಶಕ್ತಿಯ ನೆರವಿಲ್ಲದೆ ಸಾವಯವ ವಸ್ತುಗಳು ಉಂಟಾಗಲಾರವೆಂಬ ನಂಬಿಕೆ ಅಲ್ಲಿಂದ ಸಡಿಲತೊಡಗಿತು. ಅದೊಂದೇ ಪ್ರಯೋಗದಿಂದ ಆ ನಂಬಿಕೆ ಅಳಿದುಹೋಯಿತೆಂದು ಪಠ್ಯಪುಸ್ತಕಗಳು ಹೇಳುವ ಮಾತು ಅತಿಶಯೋಕ್ತಿಯೇ ಸರಿ. 1845ರಲ್ಲಿ ಹರ್ಮನ್ ಕೋಲ್ಬೆಯು ಇಂಗಾಲ-ಗಂಧಕಗಳ ಸಂಯುಕ್ತವೊಂದರಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ನಡೆದು, ವಿನಿಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವನ್ನು ಕಟ್ಟಿದ ಮೇಲೆ, ಮತ್ತು ಫ್ರಾನ್ಸಿನ ಬರ್ತಲೋ 1860ರಲ್ಲಿ ಸಂಶ್ಲೇಷಣೆಯ ತಳಹದಿಯ ಮೇಲೆಯೇ ಸಾವಯವ ರಸಾಯನಶಾಸ್ತ್ರವನ್ನು ನಿರೂಪಿಸುವ ಗ್ರಂಥವನ್ನು ಪ್ರಕಟಿಸಿದ ಮೇಲೆ, ಸಂದೇಹಕ್ಕೆ ಹೆಚ್ಚಿನ ಎಡೆಯುಳಿಯಲಿಲ್ಲ.

ಈ ಚರಿತ್ರೆಯನ್ನು ಮತ್ತೊಮ್ಮೆ ವಿಸ್ತರಿಸುವುದು ನನ್ನ ಉದ್ದೇಶವಲ್ಲ. ಅಣುವೊಂದನ್ನು ಮನುಷ್ಯನು ಕಟ್ಟಬಲ್ಲನೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನವೇ ಉತ್ತರ ಕೊಟ್ಟಿತು. ಯಾವ ಹಾದಿಯಿಂದ ಕಟ್ಟಬೇಕು ಎಂಬ ಪ್ರಶ್ನೆಯಾದರೋ ಇಂದಿಗೂ ಜೀವಂತವಾಗಿದೆ. ಸಂಶ್ಲೇಷಣೆಯ ವಿದ್ವತ್ತು, ಅದರ ಸೌಂದರ್ಯ, ಅದರ ಆರ್ಥಿಕ ಪರಿಣಾಮ, ಕಡೆಗೆ ಅದು ಸಮಾಜಕ್ಕೆ ತರುವ ಹಿತಾಹಿತಗಳು ಕೂಡ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿವೆಯೆಂಬುದು ನಾನು ತಮ್ಮ ಮುಂದೆ ಪ್ರತಿಪಾದಿಸಬೇಕೆಂದಿರುವ ಸಂಗತಿ.

ಹಾದಿಯನ್ನು ಆರಿಸಬೇಕಾದರೆ ಮೊದಲು ಗಮ್ಯದ ಸ್ವರೂಪ ತಿಳಿದಿರಬೇಕಷ್ಟೆ. ಅದು ತಿಳಿಯದೆ ಹೊರಟವರ ಗತಿಯೇನೆಂಬುದಕ್ಕೆ ವಿಲಿಯಂ ಪರ್ಕಿನ್ನನ ಪ್ರಯೋಗ ಒಳ್ಳೆಯ ನಿದರ್ಶನ. 1856ರಲ್ಲಿ, ಹದಿನೆಂಟು ವರ್ಷದ ತರುಣನಾಗಿದ್ದ ಆತನು ಲಂಡನ್ನಿನಲ್ಲಿ, ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೀನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಹೊರಟನು. ಕ್ವಿನೀನಿನ ಅಣುವಿನಲ್ಲಿ ಇಂಗಾಲದ 20, ಜಲಜನಕದ 24, ಸಾರಜನಕದ 2, ಆಮ್ಲಜನಕದ 2 ಪರಮಾಣುಗಳಿವೆಯೆಂಬುದು ಆಗ ಗೊತ್ತಿದ್ದಿತು. ಕಲ್ಲಿದ್ದಲ ಟಾರಿನಿಂದ ಹುಟ್ಟುವ ಅಲೈಲ್ ಟೊಲುಯಿಡೀನಿನಲ್ಲಿ ಇಂಗಾಲದ 10, ಜಲಜನಕದ 13, ಸಾರಜನಕದ 1 ಪರಮಾಣು. ಅದರ ಎರಡು ಅಣುಗಳನ್ನು ಕೂಡಿಸಿ, ಆಮ್ಲಜನಕದ ಮೂರು ಪರಮಾಣುಗಳನ್ನು ಸೇರಿಸಿ, ನೀರಿನ ಒಂದು ಅಣುವನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸರಿಹೋಯಿತೇ ಹೊರತು ಕ್ವಿನೀನು ಬರಲಿಲ್ಲ. ಕೆಂಗಂದು ಬಣ್ಣದ ಒಂದು ಪುಡಿ ಬಂದಿತು. ಪರಮಾಣುಗಳ ಎಣಿಕೆಯೇ ಬೇರೆ, ಅವುಗಳ ಜೋಡಣೆಯೇ ಬೇರೆಯೆಂಬುದು ಅಂದಿನವರಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಅದೇ ಪ್ರಯೋಗವನ್ನು ಆತನು ಸರಳವಾದ ಅನಿಲೀನಿನ ಮೇಲೆ ಮಾಡಿ, ದೊರೆತ ಕಪ್ಪು ಗಷ್ಟನ್ನು ಮದ್ಯಸಾರದಲ್ಲಿ ಕರಗಿಸಿದಾಗ ಕಂಡ ನೇರಿಳೆ ಬಣ್ಣವೇ ಕೃತಕ ವರ್ಣೋದ್ಯಮದ ಮೂಲವಾದುದು ತಮಗೆಲ್ಲ ತಿಳಿದ ವಿಷಯ. ಅದೃಷ್ಟವನ್ನು ಗುರುತಿಸಿ ಕೈಹಿಡಿದುದರಲ್ಲಿ ಪರ್ಕಿನ್ನನ ಹಿರಿಮೆಯಿದೆ. ಆದರೆ ಅದೃಷ್ಟವನ್ನು ಶಾಸ್ತ್ರವೆನ್ನಲಾಗದು.

ಶಾಸ್ತ್ರ ಬಂದುದು ಅನಂತರ. ಇಂಗಾಲದ ಪರಮಾಣು ನಾಲ್ಕು ಬಂಧಗಳನ್ನು ಚಾಚುವುದೆಂದೂ, ತನ್ನ ಜಾತಿಯವುಗಳೊಡನೆಯೇ ಸರಪಳಿಯಾಗಿ ಸೇರುವುದೆಂದೂ ಕೆಕುಲೆ ಮತ್ತು ಕೂಪರ್ 1858ರಲ್ಲಿ ಬೇರೆಬೇರೆಯಾಗಿ ಹೇಳಿದರು. 1865ರಲ್ಲಿ ಕೆಕುಲೆಯು ಬೆಂಜೀನಿನ ಉಂಗುರವನ್ನು ಸೂಚಿಸಿದನು. 1874ರಲ್ಲಿ ವಾಂಟ್ ಹಾಫ್, ಲ ಬೆಲ್ ಎಂಬ ಇಬ್ಬರು ತರುಣರು ಆ ನಾಲ್ಕು ಬಂಧಗಳು ಚತುರ್ಮುಖ ಘನವೊಂದರ ಮೂಲೆಗಳ ಕಡೆಗೆ ಮುಖಮಾಡಿವೆಯೆಂದು ತೋರಿಸಿಕೊಟ್ಟರು. ಕಾಗದದ ಮೇಲಿನ ಸೂತ್ರಕ್ಕೆ ಇದರಿಂದ ಎಡಬಲಗಳೂ ಮೇಲುಕೆಳಗುಗಳೂ ಒದಗಿ, ಕಟ್ಟುವವನಿಗೆ ಒಂದು ನಕ್ಷೆ ಸಿಕ್ಕಿದಂತಾಯಿತು.

ನಕ್ಷೆ ಸಿಕ್ಕಿದರೂ ಹಾದಿ ಸುಲಭವಾಗದೆಂಬುದಕ್ಕೆ ನೀಲಿಯ ವೃತ್ತಾಂತಕ್ಕಿಂತ ಮಿಗಿಲಾದ ಉದಾಹರಣೆಯನ್ನು ನಾನು ಕಾಣೆ. ಭಾರತದ ನೀಲಿಗಿಡದಿಂದ ತೆಗೆಯುತ್ತಿದ್ದ ಇಂಡಿಗೋ ವರ್ಣವನ್ನು ಅಡಾಲ್ಫ್ ಫಾನ್ ಬಾಯರ್ 1880ರಲ್ಲಿಯೇ ಸಂಶ್ಲೇಷಿಸಿದನು. 1883ರಲ್ಲಿ ಅದರ ರಚನೆಯನ್ನೂ ನಿಶ್ಚಯಿಸಿದನು. ಆತನ ಇನ್ನೊಂದು ಮಾರ್ಗ ಎಷ್ಟು ಸರಳವೆಂದರೆ, ಇಂದಿಗೂ ಕಾಲೇಜಿನ ವಿದ್ಯಾರ್ಥಿಯೊಬ್ಬನು ಆರ್ಥೋ ನೈಟ್ರೋಬೆಂಜಾಲ್ಡಿಹೈಡನ್ನು ಅಸಿಟೋನಿನಲ್ಲಿ ಕರಗಿಸಿ, ಸ್ವಲ್ಪ ನೀರೆರೆದು, ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ, ದ್ರವ ಮೊದಲು ಹಳದಿಯಾಗಿ, ಬಳಿಕ ಕಪ್ಪಾಗಿ, ಕೆಲವೇ ನಿಮಿಷಗಳಲ್ಲಿ ಕಡುನೀಲಿಯ ಪುಡಿ ತಳಕ್ಕಿಳಿಯುವುದನ್ನು ಕಣ್ಣಾರೆ ಕಾಣಬಹುದು. ಹೀಗಿದ್ದೂ ಬಾಯರನ ಹಾದಿ ಕಾರ್ಖಾನೆಯ ಬಾಗಿಲನ್ನು ದಾಟಲಿಲ್ಲ. ಅದಕ್ಕೆ ಬೇಕಾದ ಕಚ್ಚಾವಸ್ತು ಟೊಲುಯೀನಿನಿಂದ ಬರಬೇಕಾಗಿದ್ದಿತು. ಲೋಕಕ್ಕೆಲ್ಲ ನೀಲಿಯೊದಗಿಸುವಷ್ಟು ಟೊಲುಯೀನು ಅಂದು ಅಗ್ಗವಾಗಿ ದೊರೆಯುತ್ತಿರಲಿಲ್ಲ.

ಜ್ಯೂರಿಕ್ಕಿನ ಕಾರ್ಲ್ ಹಾಯ್ಮನ್ 1890ರಲ್ಲಿ ಬೇರೆ ಎರಡು ಮಾರ್ಗಗಳನ್ನು ಸೂಚಿಸಿದನು. ಅವುಗಳಲ್ಲಿ ಒಂದು ನ್ಯಾಫ್ತಲೀನಿನಿಂದ, ಎಂದರೆ ನಾವು ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ವಸ್ತುವಿನಿಂದ, ಹೊರಡತಕ್ಕದ್ದು. ಕಲ್ಲಿದ್ದಲ ಟಾರಿನಲ್ಲಿ ಅದಕ್ಕೆ ಬರವೇ ಇಲ್ಲ. ಆದರೆ ನ್ಯಾಫ್ತಲೀನನ್ನು ಥ್ಯಾಲಿಕ್ ಅನ್‌ಹೈಡ್ರೈಡಾಗಿ ಮಾಡುವ ಮೊದಲ ಹಂತವೇ ದುಬಾರಿಯಾಗಿ, ಬಹಳ ಮಂದಗತಿಯದಾಗಿದ್ದಿತು. ಜರ್ಮನಿಯ ಲುಡ್ವಿಗ್ಸ್‌ಹಾಫನ್ನಿನ ಬಿಎಎಸ್‌ಎಫ್ ಕಾರ್ಖಾನೆಯಲ್ಲಿ ಉಗ್ರ ಗಂಧಕಾಮ್ಲದೊಡನೆ ಅದನ್ನು ಕಾಯಿಸುತ್ತಿರುವಾಗ ಉಷ್ಣಮಾಪಕವೊಂದು ಒಡೆದು, ಅದರ ಪಾದರಸ ಮಿಶ್ರಣಕ್ಕೆ ಬೀಳಲು, ಕ್ರಿಯೆ ಇದ್ದಕ್ಕಿದ್ದಂತೆ ಚುರುಕಾಯಿತೆಂಬ ಸಂಗತಿ ರಸಾಯನೋದ್ಯಮದ ಚರಿತ್ರೆಗಳಲ್ಲೆಲ್ಲ ಬರುತ್ತದೆ. ಪಾದರಸದ ಲವಣ ವೇಗವರ್ಧಕವಾಗಿದ್ದಿತು. ಸುಮಾರು 1 ಕೋಟಿ 80 ಲಕ್ಷ ಮಾರ್ಕುಗಳನ್ನು ವ್ಯಯಿಸಿದ ಮೇಲೆ, 1897ರಲ್ಲಿ ಆ ಸಂಸ್ಥೆ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಬಾಯರನ ಸಂಶ್ಲೇಷಣೆಗೂ ಈ ಮಾರಾಟಕ್ಕೂ ನಡುವಣ ಹದಿನೇಳು ವರ್ಷಗಳೂ ಹಾದಿಯ ಹುಡುಕಾಟದಲ್ಲಿಯೇ ಕಳೆದುವು.

ಆ ಹಾದಿಯ ಇನ್ನೊಂದು ತುದಿ ನಮ್ಮ ದೇಶದಲ್ಲಿದ್ದಿತು. ಬಿಹಾರದ ಚಂಪಾರಣ್ಯದಲ್ಲಿ ರೈತನು ತನ್ನ ಪ್ರತಿ ಬಿಘಾದ 20 ಕಠಾಗಳಲ್ಲಿ 3 ಕಠಾ ನೆಲಕ್ಕೆ ನೀಲಿಯನ್ನೇ ಬಿತ್ತಬೇಕೆಂಬ ತೀನಕಠಿಯಾ ಪದ್ಧತಿಯಿದ್ದಿತಷ್ಟೆ. ಜರ್ಮನಿಯ ನೀಲಿ ಬಂದು ಬೆಲೆ ಕುಸಿಯಲು, ತೋಟದ ದೊರೆಗಳು ಆ ನಷ್ಟವನ್ನು ತಾವು ಹೊರದೆ, ನೀಲಿ ಬಿತ್ತುವ ಕಟ್ಟಿನಿಂದ ಬಿಡುಗಡೆ ಮಾಡುವ ನೆಪದಲ್ಲಿ ಗೇಣಿಯನ್ನೇರಿಸಿ, ಇಡಿಗಂಟು ಹಣ ಕಸಿದು, ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ವಿಚಾರಿಸಿದ ಅಹವಾಲುಗಳಲ್ಲಿ ಈ ಹೆಚ್ಚುವರಿ ಗೇಣಿಯದೂ ಮುಖ್ಯವಾದುದು. ಮರುವರ್ಷ ಶಾಸನದಿಂದ ಆ ಪದ್ಧತಿ ರದ್ದಾಯಿತು. ಸಂಶ್ಲೇಷಣೆ ರೈತನನ್ನು ನೀಲಿಯಿಂದ ಬಿಡಿಸಿತೆಂದು ಹೇಳುವವರೂ, ಸಂಶ್ಲೇಷಣೆಯೇ ಅವನನ್ನು ಕೆಡಿಸಿತೆಂದು ಹೇಳುವವರೂ ಇದ್ದಾರೆ. ಎರಡು ಮಾತುಗಳೂ ಅರೆಸತ್ಯವೆಂದೇ ನನ್ನ ಎಣಿಕೆ. ಕೆಡಿಸಿದುದು ಗೇಣಿಯ ವ್ಯವಸ್ಥೆ. ಲುಡ್ವಿಗ್ಸ್‌ಹಾಫನ್ನಿನ ಕಾರ್ಖಾನೆ ಅದಕ್ಕೊಂದು ಸಂದರ್ಭವನ್ನೊದಗಿಸಿತು.

ಇನ್ನು ಹಾದಿಯ ಒಳಗಣ ಗಣಿತಕ್ಕೆ ಬರೋಣ. ಯಾವ ರಾಸಾಯನಿಕ ಕ್ರಿಯೆಯೂ ನೂರಕ್ಕೆ ನೂರು ಫಲಿಸುವುದಿಲ್ಲ. ನೂರಕ್ಕೆ ತೊಂಬತ್ತು ಇಳುವರಿ ಬಂದರೆ ಸಂಶ್ಲೇಷಕನು ಸಂತೋಷಪಡುತ್ತಾನೆ. ಆದರೆ ಇಂತಹ 20 ಹಂತಗಳು ಒಂದರ ಬೆನ್ನಿಗೊಂದು ಬಂದರೆ ಕಡೆಗೆ ಉಳಿಯುವುದು ನೂರಕ್ಕೆ 12 ಮಾತ್ರ. ಹಂತವೊಂದಕ್ಕೆ 80 ಆದರೆ, ಉಳಿಯುವುದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಅದೇ ಅಣುವನ್ನು ಎರಡು ಭಾಗಗಳಾಗಿ ಮಾಡಿಕೊಂಡು, ಒಂದೊಂದನ್ನೂ ಹತ್ತು ಹಂತಗಳಲ್ಲಿ ಪ್ರತ್ಯೇಕವಾಗಿ ಕಟ್ಟಿ, ಕೊನೆಯಲ್ಲಿ ಒಂದೇ ಕ್ರಿಯೆಯಿಂದ ಬೆಸೆದರೆ, ಹಂತಕ್ಕೆ 90ರ ಲೆಕ್ಕದಲ್ಲಿ 31ರಷ್ಟು ಕೈಗೆ ಬರುತ್ತದೆ. ಒಟ್ಟು ಕ್ರಿಯೆಗಳ ಸಂಖ್ಯೆ ಒಂದು ಹೆಚ್ಚಿದರೂ ಇಳುವರಿ ಎರಡೂವರೆ ಪಾಲಾಯಿತು. ಸಂಶ್ಲೇಷಣೆಯ ಯೋಜನೆಗಳಲ್ಲಿ ಕವಲುಗಳು ಕೂಡುವ ಮಾರ್ಗಕ್ಕೆ ಇಷ್ಟು ಮಹತ್ವ ಬಂದಿರುವುದು ಈ ಸಣ್ಣ ಗುಣಾಕಾರದಿಂದ.

ಅಣುವನ್ನು ಎಲ್ಲಿ ಬಿಡಿಸಬೇಕೆಂಬ ವಿಚಾರವನ್ನು ಕ್ರಮಬದ್ಧವಾದ ತರ್ಕವಾಗಿ ಮಾಡಿಕೊಟ್ಟವನು ಹಾರ್ವರ್ಡಿನ ಇಲಿಯಾಸ್ ಕೋರಿ. ಅದಕ್ಕಾಗಿ 1990ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಕೈಯಲ್ಲಿರುವ ಕಚ್ಚಾವಸ್ತುವಿನಿಂದ ಮುಂದಕ್ಕೆ ಯೋಚಿಸುವ ಬದಲು, ಬೇಕಾದ ಅಣುವಿನಿಂದ ಹಿಂದಕ್ಕೆ ಯೋಚಿಸಬೇಕು. ಯಾವ ಬಂಧವನ್ನು ಕತ್ತರಿಸಿದರೆ ಸರಳವಾದ, ಮತ್ತೆ ಕೂಡಿಸಲು ನಂಬಿಕೆಯ ಕ್ರಿಯೆಯೊಂದಿರುವ ಎರಡು ತುಂಡುಗಳಾಗುತ್ತವೆಯೋ ಅಲ್ಲಿ ಕತ್ತರಿಸಬೇಕು. ಆ ತುಂಡುಗಳನ್ನೂ ಹೀಗೆಯೇ ಬಿಡಿಸುತ್ತ, ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ವಸ್ತುವಿನವರೆಗೆ ಹೋಗಬೇಕು. ಇಂದು ಇದು ಗಣಕಯಂತ್ರಕ್ಕೂ ಕಲಿಸಬಹುದಾದ ವಿದ್ಯೆಯಾಗಿದೆ.

ಕತ್ತರಿಸುವ ಸ್ವಾತಂತ್ರ್ಯ ಕೂಡಿಸುವ ಕ್ರಿಯೆಗಳ ಸಂಪತ್ತನ್ನು ಅವಲಂಬಿಸಿದೆ. ಅವುಗಳಲ್ಲೊಂದನ್ನು ಮಾತ್ರ ಹತ್ತಿರದಿಂದ ನೋಡೋಣ. ಚೆನ್ನಾಗಿ ಒಣಗಿಸಿದ ಗಾಜಿನ ಬುರುಡೆಯಲ್ಲಿ ಮೆಗ್ನೀಸಿಯಂ ಚೂರುಗಳನ್ನಿಟ್ಟು, ನೀರಿನ ಲೇಶವೂ ಇಲ್ಲದ ಈಥರನ್ನು ಸುರಿದು, ಒಂದು ಹರಳು ಅಯೊಡೀನನ್ನು ಹಾಕಿ, ಬ್ರೋಮಿನ್‌ಯುಕ್ತವಾದ ಸಾವಯವ ವಸ್ತುವನ್ನು ಹನಿಹನಿಯಾಗಿ ಬಿಡುತ್ತಾರೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಬಳಿಕ ಅಯೊಡೀನಿನ ಕಂದುಬಣ್ಣ ಮಾಸಿ, ದ್ರವ ಬೂದಿಬಣ್ಣಕ್ಕೆ ತಿರುಗಿ, ಕೆಳಗೆ ಉರಿಯಿಲ್ಲದಿದ್ದರೂ ಈಥರು ತಾನಾಗಿ ಕುದಿಯತೊಡಗುತ್ತದೆ. ಅದುವರೆಗೆ ಇಲೆಕ್ಟ್ರಾನುಗಳ ಕೊರತೆಯಿದ್ದ ಇಂಗಾಲದ ಪರಮಾಣು, ಲೋಹಕ್ಕೆ ಅಂಟಿಕೊಂಡೊಡನೆ, ಇಲೆಕ್ಟ್ರಾನುಗಳಿಂದ ಸಮೃದ್ಧವಾಗಿ, ಕೊರತೆಯುಳ್ಳ ಬೇರೊಂದು ಇಂಗಾಲವನ್ನು ಹುಡುಕಿ ಬಂಧ ಕಟ್ಟುವುದು. ಬುರುಡೆಯಲ್ಲಿ ಎಲ್ಲಿಯಾದರೂ ಒಂದಿಷ್ಟು ತೇವವುಳಿದಿದ್ದರೆ ನೀರೇ ಅದನ್ನು ನುಂಗಿಬಿಡುತ್ತದೆ. ವಿದ್ಯಾರ್ಥಿಯ ಶ್ರಮವೆಲ್ಲ ವ್ಯರ್ಥ. ವಿಕ್ಟರ್ ಗ್ರಿನ್ಯಾರ್ 1900ರಲ್ಲಿ ಪ್ರಕಟಿಸಿದ ಈ ಕ್ರಿಯೆಯಿಂದ ಮೊದಲುಗೊಂಡು, 1928ರ ಡೀಲ್ಸ್-ಆಲ್ಡರ್ ಕ್ರಿಯೆ, 1954ರ ವಿಟ್ಟಿಗ್ ಕ್ರಿಯೆ, 2010ರಲ್ಲಿ ನೊಬೆಲ್ ಪಡೆದ ಹೆಕ್, ನೆಗಿಶಿ, ಸುಜುಕಿಯವರ ಪೆಲ್ಲೇಡಿಯಂ ಜೋಡಣೆಗಳು, ಒಂದೊಂದೂ ಸಂಶ್ಲೇಷಕನಿಗೆ ಹಿಂದೆ ಇಲ್ಲದಿದ್ದ ತಿರುವುಗಳನ್ನು ತೆರೆದಿವೆ.

ಕ್ರಿಯೆಗಳ ಸಂಪತ್ತಿದ್ದ ಮಾತ್ರಕ್ಕೆ ಕಲೆ ಬರುವುದಿಲ್ಲ. ಸಂಶ್ಲೇಷಣೆಯನ್ನು ಕಲೆಯೆಂದು ಕರೆಯುವಂತೆ ಮಾಡಿದವನು ರಾಬರ್ಟ್ ವುಡ್‌ವರ್ಡ್. ಆತನ ಕೃತಿಗಳಲ್ಲಿ ನಾನು ಆರಿಸಿಕೊಳ್ಳುವುದು ರಿಸರ್ಪೀನನ್ನು, ಏಕೆಂದರೆ ಅದರ ಬೇರು ನಮ್ಮ ಕಾಡುಗಳಲ್ಲಿದೆ. ಆಯುರ್ವೇದಕ್ಕೆ ಚಿರಪರಿಚಿತವಾದ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನೂ ಚಿತ್ತವಿಭ್ರಮವನ್ನೂ ಶಮನಗೊಳಿಸುವುದೆಂದು ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ 1931ರಲ್ಲಿ ಬರೆದರು. ಅದೇ ಕಾಲದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಅದರಿಂದ ಕೆಲವು ಕ್ಷಾರಾಭಗಳನ್ನು ಬೇರ್ಪಡಿಸಿದರು. ಅದರ ಮುಖ್ಯ ಸತ್ತ್ವವಾದ ರಿಸರ್ಪೀನನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಶುದ್ಧರೂಪದಲ್ಲಿ ಪಡೆದರು. ನಾಲ್ಕೇ ವರ್ಷಗಳಲ್ಲಿ, 1956ರಲ್ಲಿ, ವುಡ್‌ವರ್ಡನ ಸಂಶ್ಲೇಷಣೆ ಪ್ರಕಟವಾಯಿತು.

ರಿಸರ್ಪೀನಿನ ಮುಖ್ಯ ಚೌಕಟ್ಟಿನಲ್ಲಿ ಐದು ಉಂಗುರಗಳು. ಎಡಗೈ ಬಲಗೈಗಳಂತೆ ಎರಡು ವಿನ್ಯಾಸಗಳನ್ನು ತಳೆಯಬಲ್ಲ ಆರು ಇಂಗಾಲಗಳು. ಹೀಗೆ 64 ರೂಪಗಳು ಸಾಧ್ಯ. ಸರ್ಪಗಂಧಿ ಮಾಡುವುದು ಅವುಗಳಲ್ಲಿ ಒಂದನ್ನು ಮಾತ್ರ. ವುಡ್‌ವರ್ಡನು ಮೊದಲ ಹೆಜ್ಜೆಯಲ್ಲಿಯೇ ಡೀಲ್ಸ್-ಆಲ್ಡರ್ ಕ್ರಿಯೆಯನ್ನು ಬಳಸಿ, ಮೂರು ಇಂಗಾಲಗಳ ಪರಸ್ಪರ ವಿನ್ಯಾಸವನ್ನು ಒಟ್ಟಿಗೆ ಗೊತ್ತುಮಾಡಿಬಿಟ್ಟನು. ತೊಡಕು ಬಂದುದು ಕೊನೆಯಲ್ಲಿ. ಐದು ಉಂಗುರಗಳೂ ಕೂಡಿದ ಮೇಲೆ ಮೂರನೆಯ ಸಂಖ್ಯೆಯ ಇಂಗಾಲ ತಪ್ಪು ದಿಕ್ಕಿಗೆ ಮುಖಮಾಡಿ ನಿಂತಿದ್ದಿತು. ಮತ್ತು ಆ ತಪ್ಪು ದಿಕ್ಕೇ ಅಣುವಿಗೆ ಹೆಚ್ಚು ನೆಮ್ಮದಿಯದು. ಬಲವಂತದಿಂದ ತಿರುಗಿಸಿದರೂ ಅದು ಮರಳಿ ಹಳೆಯ ಸ್ಥಿತಿಗೇ ಬರುವಂತಿದ್ದಿತು. ಆಗ ವುಡ್‌ವರ್ಡನು ಅಣುವಿನ ಇನ್ನೊಂದು ತುದಿಯಲ್ಲಿ ಆಮ್ಲಗುಂಪನ್ನೂ ಮದ್ಯಸಾರಗುಂಪನ್ನೂ ಒಂದಕ್ಕೊಂದು ಕಟ್ಟಿ ಲ್ಯಾಕ್ಟೋನ್ ಸೇತುವೆಯನ್ನು ನಿರ್ಮಿಸಿದನು. ಆ ಕಟ್ಟಿನಿಂದ ಅಣುವಿನ ಮೈಯೆಲ್ಲ ಮಡಿಚಿಕೊಂಡು, ಹಿಂದೆ ಸುಖವಾಗಿದ್ದ ವಿನ್ಯಾಸ ಇಕ್ಕಟ್ಟಿನದಾಯಿತು. ಬೇಕಾಗಿದ್ದ ವಿನ್ಯಾಸ ನೆಮ್ಮದಿಯದಾಯಿತು. ಬಳಿಕ ಪಿವಾಲಿಕ್ ಆಮ್ಲದೊಡನೆ ಕಾಯಿಸಿದುದೇ ತಡ, ಮೂರನೆಯ ಇಂಗಾಲ ತಾನಾಗಿ ಸರಿಯಾದ ದಿಕ್ಕಿಗೆ ತಿರುಗಿತು. ಸೇತುವೆಯನ್ನು ಬಿಚ್ಚಿ, ಉಳಿದ ಗುಂಪನ್ನು ಸೇರಿಸಲು ರಿಸರ್ಪೀನು ಸಿದ್ಧವಾಯಿತು. ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ತಿರುವನ್ನು ನಾನರಿಯೆ.

ಇದೇ ವುಡ್‌ವರ್ಡ್, ಜ್ಯೂರಿಕ್ಕಿನ ಎಶೆನ್‌ಮೋಸರನೊಡಗೂಡಿ, ನೂರರ ಸಮೀಪ ಸಹಾಯಕರ ಶ್ರಮದಿಂದ, ಬಿ12 ಜೀವಸತ್ತ್ವದ ಸಂಶ್ಲೇಷಣೆಯನ್ನು 1972ರಲ್ಲಿ ಮುಗಿಸಿದನು. ಔಷಧದ ಅಂಗಡಿಯಲ್ಲಿ ನಾವು ಕೊಳ್ಳುವ ಬಿ12ರಲ್ಲಿ ಒಂದು ಕಣವೂ ಆ ಹಾದಿಯಿಂದ ಬಂದುದಲ್ಲ. ಅದನ್ನು ಸೂಕ್ಷ್ಮಜೀವಿಗಳು ಹುದುಗುವಿಕೆಯಿಂದ ಅಗ್ಗವಾಗಿ ತಯಾರಿಸುತ್ತವೆ. ಹಾಗಾದರೆ ಇಷ್ಟೆಲ್ಲ ಏತಕ್ಕೆಂದು ಲೌಕಿಕರು ಕೇಳುವುದುಂಟು. ಆ ಹಾದಿಯಲ್ಲಿ ಎದುರಾದ ಒಂದು ವಿಚಿತ್ರ ಉಂಗುರಬಂಧನವನ್ನು ಅರ್ಥಮಾಡಿಕೊಳ್ಳಹೊರಟೇ ವುಡ್‌ವರ್ಡನೂ ರೋಆಲ್ಡ್ ಹಾಫ್‌ಮನ್ನನೂ 1965ರಲ್ಲಿ ಕಕ್ಷೆಗಳ ಸಮಮಿತಿಯ ನಿಯಮಗಳನ್ನು ಕಂಡುಕೊಂಡರು. ಆ ನಿಯಮಗಳಿಲ್ಲದೆ ಇಂದು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಾವಯವ ರಸಾಯನಶಾಸ್ತ್ರದ ಸ್ನಾತಕೋತ್ತರ ಪಾಠ ಮುಂದೆ ಸಾಗದು.

ರಿಸರ್ಪೀನಿನ ಪ್ರಸಂಗದಲ್ಲಿ ಎಡಬಲಗಳ ಮಾತು ಬಂದಿತು. ಎರಡೂ ರೂಪಗಳನ್ನು ಸಮಸಮವಾಗಿ ಮಾಡಿ, ಬೇಡದ ಅರ್ಧವನ್ನು ಎಸೆಯುವುದು ಹಳೆಯ ಪದ್ಧತಿ. ನೋಲ್ಸ್, ನೊಯೊರಿ, ಶಾರ್ಪ್‌ಲೆಸ್ ಇವರು ಎಡಬಲಗಳ ಭೇದವುಳ್ಳ ವೇಗವರ್ಧಕಗಳನ್ನು ನಿರ್ಮಿಸಿ, ಬೇಕಾದ ಒಂದೇ ರೂಪವನ್ನು ಪಡೆಯುವ ದಾರಿಯನ್ನು ತೋರಿಸಿ 2001ರಲ್ಲಿ ನೊಬೆಲ್ ಪಡೆದರು. ಕಂಪವಾತಕ್ಕೆ ಕೊಡುವ ಎಲ್-ಡೋಪಾ, ಪುದೀನದ ತಂಪನ್ನು ಕೊಡುವ ಮೆಂಥಾಲ್ ಈ ರೀತಿಯಿಂದ ಕಾರ್ಖಾನೆಗಳಲ್ಲಿ ಉತ್ಪನ್ನವಾಗಿವೆ.

ಹಾದಿಗೆ ಶಾಸನವೇ ಮನ್ನಣೆ ಕೊಟ್ಟ ಪ್ರಸಂಗ ನಮ್ಮ ದೇಶದ್ದು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರ 1959ರ ವರದಿಯನ್ನನುಸರಿಸಿ ರಚಿತವಾದ 1970ರ ಪೇಟೆಂಟ್ ಶಾಸನವು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟನ್ನು ನಿರಾಕರಿಸಿ, ತಯಾರಿಸುವ ವಿಧಾನಕ್ಕೆ ಮಾತ್ರ ಅದನ್ನು ಉಳಿಸಿತು. ಬೇರೆ ಹಾದಿಯಿಂದ ಅದೇ ಅಣುವನ್ನು ತಲಪಿದವನಿಗೆ ಅದನ್ನು ಮಾರುವ ಹಕ್ಕು ಬಂದಿತು. ಹೈದರಾಬಾದು, ಪುಣೆ, ಮುಂಬಯಿಗಳ ಸಂಶ್ಲೇಷಕರು ಮೂರು ದಶಕಗಳ ಕಾಲ ಈ ಅವಕಾಶವನ್ನು ದಕ್ಕಿಸಿಕೊಂಡರು. ಏಡ್ಸ್ ರೋಗದ ಮದ್ದಾದ ಜಿಡೋವುಡೀನಿಗೆ ಹೈದರಾಬಾದಿನ ರಾಷ್ಟ್ರೀಯ ಪ್ರಯೋಗಾಲಯ ಬೇರೊಂದು ಮಾರ್ಗವನ್ನು ರೂಪಿಸಿ ಸಿಪ್ಲಾ ಸಂಸ್ಥೆಗೆ ಕೊಟ್ಟಿತು. 2001ರಲ್ಲಿ ಅದೇ ಸಂಸ್ಥೆ, ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆಯಿದ್ದ ಮೂರು ಔಷಧಗಳ ಸಂಯೋಗವನ್ನು 350 ಡಾಲರಿಗೆ ಒದಗಿಸಲು ಮುಂದೆಬಂದಿತು. ನಕಲು ಮಾಡುವವರೆಂದು ನಮ್ಮವರನ್ನು ಹೊರಗಿನವರು ಹೀಗಳೆದುದುಂಟು. ಹೊಸ ಅಣುಗಳನ್ನು ಕಲ್ಪಿಸುವುದರಲ್ಲಿ ನಾವು ಹಿಂದುಳಿದುದು ನಿಜ. ಆದರೆ ಹೊಸ ಹಾದಿಯನ್ನು ಕಡಿಯುವುದು ನಕಲೆಂದು ಹೇಳುವವನು ಸಂಶ್ಲೇಷಣೆಯನ್ನು ಅರಿಯನು. 2005ರಿಂದ ವಸ್ತುವಿಗೂ ಪೇಟೆಂಟು ಬಂದಿದೆ.

ಹಾದಿಯ ಬದಿಯಲ್ಲಿ ಸುರಿದುಹೋಗುವ ಕಸದ ಮಾತನ್ನು ನಮ್ಮ ಹಿಂದಿನವರು ಹೆಚ್ಚಾಗಿ ಆಡಲಿಲ್ಲ. ಒಂದು ಕಿಲೋಗ್ರಾಂ ಔಷಧ ತಯಾರಾಗುವಾಗ 25ರಿಂದ 100 ಕಿಲೋಗ್ರಾಂ ತ್ಯಾಜ್ಯ ಹುಟ್ಟುವುದೆಂದು ಹಾಲೆಂಡಿನಲ್ಲಿದ್ದ ರೋಜರ್ ಶೆಲ್ಡನ್ 1990ರ ದಶಕದಲ್ಲಿ ಅಂದಾಜುಮಾಡಿದನು. ನೋವಿಗೆ ನುಂಗುವ ಐಬುಪ್ರೊಫೇನಿನ ಮೊದಲ ಮಾರ್ಗದಲ್ಲಿ ಆರು ಹಂತಗಳಿದ್ದು, ಒಳಹಾಕಿದ ಪರಮಾಣುಗಳಲ್ಲಿ ನೂರಕ್ಕೆ 40ರಷ್ಟು ಮಾತ್ರ ಮದ್ದಿನೊಳಗೆ ಸೇರುತ್ತಿದ್ದುವು. ವೇಗವರ್ಧಕಗಳನ್ನು ನಂಬಿದ ಮೂರು ಹಂತಗಳ ಹೊಸ ಮಾರ್ಗದಲ್ಲಿ ಅದು 77ಕ್ಕೇರಿತು. ಅಣು ಅದೇ, ಗುಳಿಗೆಯೂ ಅದೇ.

ಮೈಸೂರಿನವರಾದ ನಾವು ಶ್ರೀಗಂಧವನ್ನು ನೆನೆಯದೆ ಹಾದಿಗಳ ಈ ವಿಚಾರವನ್ನು ಮುಗಿಸಲಾಗದು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಸಡ್‌ಬರೊ ಮತ್ತು ಆತನ ಸಹೋದ್ಯೋಗಿ ವಾಟ್ಸನ್ ಇವರ ನೆರವಿನಿಂದ, 1916ರಲ್ಲಿ ಮೈಸೂರು ಸರ್ಕಾರ ತಾನೇ ಎಣ್ಣೆ ಬಟ್ಟಿಯಿಳಿಸತೊಡಗಿತು. ಆ ಎಣ್ಣೆಯ ಬಹುಭಾಗ ಸ್ಯಾಂಟಲಾಲುಗಳೆಂಬ ಅಣುಗಳು. ಅವುಗಳಲ್ಲಿ ಆಲ್ಫಾ ಸ್ಯಾಂಟಲಾಲನ್ನು ಹಿಂದೆ ಹೇಳಿದ ಕೋರಿಯೇ 1970ರಲ್ಲಿ ಸಂಶ್ಲೇಷಿಸಿದನು. ಆದರೂ ಸುಗಂಧದ ವ್ಯಾಪಾರಿಗಳು ಆ ದುಬಾರಿ ಹಾದಿಯನ್ನು ಹಿಡಿಯಲಿಲ್ಲ. ಟರ್ಪೆಂಟೈನಿನಲ್ಲಿರುವ ಪೈನೀನಿನಿಂದ ಹೊರಟು, ಗಂಧದ ಪರಿಮಳವನ್ನು ಹೋಲುವ, ಗಂಧದ ಮರದಲ್ಲಿ ಇಲ್ಲವೇ ಇಲ್ಲದ ಬೇರೆ ಅಣುಗಳನ್ನು ಕಟ್ಟಿದರು. ಹಾದಿ ದುಬಾರಿಯಾದಾಗ ಗಮ್ಯವನ್ನೇ ಬದಲಾಯಿಸುವುದೂ ಸಂಶ್ಲೇಷಣೆಯ ಒಂದು ಯುಕ್ತಿ. ಆ ಪರಿಮಳಗಳು ಹೋಲುತ್ತವೆ, ಸರಿ. ಒಳ್ಳೆಯ ಎಣ್ಣೆಯ ತುಂಬುಕಂಪನ್ನು ಅವು ಮುಟ್ಟುವುದಿಲ್ಲವೆಂದು ನನ್ನ ಮೂಗು ಹೇಳುತ್ತದೆ.

ಸಭೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು ಅನೇಕರಿರುವರಾದ್ದರಿಂದ ಕಡೆಯದಾಗಿ ಅವರಲ್ಲಿ ಒಂದು ಬಿನ್ನಹ. ನಮ್ಮ ಪರೀಕ್ಷೆಗಳಲ್ಲಿ ಗ್ರಿನ್ಯಾರ್ ಕ್ರಿಯೆಯನ್ನು ವಿವರಿಸಿ, ಡೀಲ್ಸ್-ಆಲ್ಡರ್ ಕ್ರಿಯೆಗೆ ಟಿಪ್ಪಣಿ ಬರೆಯಿರಿ ಎಂದು ಕೇಳುವ ವಾಡಿಕೆ ಬಹಳ ಕಾಲದಿಂದ ನಡೆದುಬಂದಿದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠಮಾಡಿ ಒಪ್ಪಿಸುತ್ತಾರೆ. ಇದರೊಡನೆ ಒಂದು ಅಣುವಿನ ರಚನೆಯನ್ನೂ, ದೊರೆಯುವ ಕಚ್ಚಾವಸ್ತುಗಳ ಪಟ್ಟಿಯನ್ನೂ, ಅವುಗಳ ಬೆಲೆಯನ್ನೂ ಕೊಟ್ಟು, ಎರಡು ಹಾದಿಗಳನ್ನು ಬರೆಯಿರಿ, ಇಳುವರಿಯನ್ನೂ ತ್ಯಾಜ್ಯವನ್ನೂ ಲೆಕ್ಕಹಾಕಿ ಅವುಗಳಲ್ಲಿ ಒಂದನ್ನು ಸಕಾರಣವಾಗಿ ಆರಿಸಿರಿ ಎಂಬ ಪ್ರಶ್ನೆಯೊಂದನ್ನಾದರೂ ಪ್ರತಿಯೊಂದು ಪ್ರಶ್ನೆಪತ್ರಿಕೆಯಲ್ಲಿಯೂ ಇಡಬೇಕೆಂದು ಅವರನ್ನು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.